ಹಂಸಾ ಟೀಚರ ಗುಂಡಿ ಪಾಠ

ಬದುಕಿಗೆ ಬೇಕಾದ ಕೆಲಸವನ್ನು ಶಾಲೆಯ ಎಲ್ಲ ಮಕ್ಕಳೂ ಕಲಿಯಬೇಕೆಂಬುದು ನಮ್ಮೂರು ಶಿವನಿಯ ಹಂಸಾ ಟೀಚರ ಹಟ. ಹೋದ ವಾರ ಅಕ್ಕಿ ಆರಿಸುವುದಾಯಿತು, ಈ ವಾರ ಗುಂಡಿ ಹೊಲಿಯುವುದು. ಅಭ್ಯಾಸಕ್ಕೆ ಗುಂಡಿ ತನ್ನಿ ಎಂದದ್ದೇ ತಡ, ಮಕ್ಕಳು ಅಪ್ಪಂದಿರ ಅಂಗಿಯಿಂದಲೇ ಕಿತ್ತು ತಂದರು.

ಶಾಲಾ ಸಮಿತಿಯ ಅಧ್ಯಕ್ಷ ಕರಿಯಣ್ಣ ಗುಂಡಿಯಿಲ್ಲದೆ ತೆರೆದುಕೊಂಡ ಅಂಗಿಯನ್ನು ಎದೆಗೊತ್ತಿ ಹಿಡಿದು ಬಂದ. "ಈ ಪಾಠ ಇವತ್ತೇ ನಿಲ್ಸಿ ಕಣ್ರೀ!"

"ನಿಲ್ಸೋಣಂತೆ, ಮೊದ್ಲು ಗುಂಡಿ ಹಾಕಿಸ್ಕೊಳ್ಳಿ" ಎಂದು ಟೀಚರ್ ಅವನನ್ನು ಕೂರಿಸಿದರು. ಅವನ ಮಗಳು ಅಕ್ಷತಾ ಅಪ್ಪ ತೊಟ್ಟ ಅಂಗಿಗೇ ಗುಂಡಿ ಹೊಲಿದಳು. ಎದ್ದು ನೋಡಿದರೆ ಬನಿಯನ್ನೂ ಸೇರಿ ಹೊಲಿದುಹೋಗಿತ್ತು. ಬಿಸಿಯೂಟದ ಸೌಟು ಹಿಡಿದು ನಿಂತಿದ್ದ ನಾನು ನಕ್ಕುಬಿಟ್ಟೆ.

"ಲೇ, ಇದನ್ನ ಬಿಚ್ಚೋದು ಹೆಂಗೇ?" ಕರಿಯಣ್ಣ ಮಗಳನ್ನು ಕೇಳಿದ.

"ಅದು ನಾಳೆ ಪಾಠ ಕಣಪ್ಪಾ. ನೀನೇ ನಿಲ್ಸು ಅಂದ್ಯಲ್ಲ?"

ಕರಿಯಣ್ಣ ಟೀಚರ ಕಡೆ ತಿರುಗಿದ. "ನಾಳೆವರ್ಗೂ ಯಾಕ್ರೀ? ಇವತ್ತೇ ಮಾಡ್ಬಿಡಿ."