ಹಡಗಿಗೆ ಹೊರಟ ಜೋಡು

ವರ್ಲೀನ್ ಪೆಟ್‌ವೇ ಜೋಡಿನಂಗಡಿಯ ಮೆಟ್ಟಿಲು ಹತ್ತಿದಳೆಂದರೆ ಮೊದಲು ಕೇಳುವುದು ಕುರ್ಚಿ. ಕುರ್ಚಿ ಬಂದ ಮೇಲೆ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಬೆನ್ನು ನೆಟ್ಟಗೆ ಮಾಡಿ ಕಾಲು ಚಾಚುತ್ತಾಳೆ. ಆಮೇಲೆ ಗೋಡೆಗೆ ಸಾಲಾಗಿ ಇಟ್ಟ ಜೋಡುಗಳೆಲ್ಲ ಒಂದೊಂದಾಗಿ ಕೆಳಗಿಳಿಯಬೇಕು. ಗಂಡ ಏಮಸ್ ಬದುಕಿದ್ದಾಗ ಅವಳನ್ನು ಅಂಗಡಿಯಲ್ಲಿ ಕೂಡಿಸಿ ಹೋಗಿ, ಬೀದಿ ಕೊನೆಯಲ್ಲಿ ಹುರಿದ ಮೀನು ತಿಂದು, ಬಂದರಿನ ಗೆಳೆಯರ ಜೊತೆ ಬೇಸ್‌ಬಾಲ್ ಹರಟೆ ಹೊಡೆದು ವಾಪಸು ಬಂದರೂ ಅವಳು ಎರಡನೆಯ ಜೋಡಿಯಲ್ಲೇ ಇರುತ್ತಿದ್ದಳು.

ಇದಕ್ಕೆ ಕಾರಣವಿತ್ತು. ವರ್ಲೀನ್ ಹುಡುಗಿಯಾಗಿದ್ದ ಕಾಲದಲ್ಲಿ ಮೊಬೀಲ್ ಎಂಬ ಈ ಬಂದರು ಊರಿನ ಪೇಟೆಯ ಅಂಗಡಿಗಳಲ್ಲಿ ನಮ್ಮ ಕಪ್ಪು ಜನರ ಮಕ್ಕಳು ಜೋಡಿಗೆ ಕಾಲಿಟ್ಟು ನೋಡುವ ಹಾಗಿರಲಿಲ್ಲ. ತಾಯಿ ಕಂದು ಬಣ್ಣದ ದಿನಸಿ ಚೀಲವನ್ನು ಬಿಡಿಸಿ ನೆಲಕ್ಕೆ ಹಾಸಿ, ಮಗಳನ್ನು ಅದರ ಮೇಲೆ ನಿಲ್ಲಿಸಿ, ಪಾದದ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದು ಕತ್ತರಿಸುತ್ತಿದ್ದಳು. ಆ ಕಾಗದದ ಪಾದ ಅಂಗಡಿಯೊಳಗೆ ಹೋಗುತ್ತಿತ್ತು, ಅಸಲು ಪಾದ ಬಾಗಿಲ ಹೊರಗೆ ನಿಂತಿರುತ್ತಿತ್ತು. ಕಾಗದಕ್ಕೆ ಉದ್ದ ಅಗಲ ಗೊತ್ತಿತ್ತು, ಪಾದದ ಎತ್ತರ ಗೊತ್ತಿರಲಿಲ್ಲ. ನೋವಾಗುತ್ತದೆ ಎಂದು ಹೇಳಲು ಅದಕ್ಕೆ ಬಾಯಿಯೂ ಇರಲಿಲ್ಲ. ಹಾಗೆ ಬಂದ ಜೋಡುಗಳು ಅವಳ ಬಲಗಾಲಿನ ಹೆಬ್ಬೆರಳನ್ನು ಪಕ್ಕಕ್ಕೆ ಬಗ್ಗಿಸಿ, ಬುಡದಲ್ಲಿ ಸಣ್ಣ ಈರುಳ್ಳಿಯಷ್ಟು ಗಂಟು ಎಬ್ಬಿಸಿಬಿಟ್ಟವು. ಕಾನೂನು ಬದಲಾಗಿ ಆ ಕುರ್ಚಿಯಲ್ಲಿ ಕೂರಬಹುದೆಂದಾದ ದಿನದಿಂದ ಅವಳು ಕಾಲಿಗೆ ಹಾಕಿ ನೋಡದೆ ಒಂದು ಜೋಡನ್ನೂ ಕೊಂಡವಳಲ್ಲ.

ಹಡಗು ಹತ್ತಿದ ವರ್ಷದ ಈಸ್ಟರ್ ಹಬ್ಬದಲ್ಲಿ ಮಾತ್ರ ತಪ್ಪಿದಳು. ಮಗಳು ಡೆನೀಟಾ ಫೋನಿನಲ್ಲೇ ಬೆರಳಾಡಿಸಿ ತಾಯಿಗೆ ಹೊಳೆಯುವ ಜೋಡು ತರಿಸಿದ್ದಳು. ಮಗಳ ಮನಸ್ಸು ನೋಯಬಾರದೆಂದು ವರ್ಲೀನ್ ಅದನ್ನೇ ಹಾಕಿಕೊಂಡು ಹೋಗಿ, ಚರ್ಚಿನ ಮೆಟ್ಟಿಲ ಮೇಲೆ ಎಲ್ಲರ ಕಣ್ಣೆದುರು ಬಿದ್ದಳು. ಮೂಳೆ ಮುರಿಯಲಿಲ್ಲ, ಟೋಪಿಯೂ ಜಾರಲಿಲ್ಲ. ಆದರೆ ಆ ಬೀಳಾಟದಿಂದ ಎರಡು ಸಂಗತಿ ಹುಟ್ಟಿಕೊಂಡವು.

ಮೊದಲನೆಯದು ಚರ್ಚಿನದು. ವರ್ಲೀನ್ ಮದುವೆಯಾದ ವರ್ಷದಿಂದ ಬಾಗಿಲ ಸೇವೆಯವಳು. ಬಿಳಿ ಉಡುಪು, ಬಿಳಿ ಕೈಗವಸು, ಬಿಳಿ ಜೋಡು ತೊಟ್ಟು, ಎಡಗೈಯನ್ನು ಬೆನ್ನ ಹಿಂದೆ ಮಡಿಸಿ ನಡುಬಾಗಿಲಲ್ಲಿ ನಿಂತು, ಬಂದವರಿಗೆ ಬಲಗೈಯಲ್ಲೇ ಜಾಗ ತೋರಿಸುವುದು, ಆಮೇಲೆ ಕಾಣಿಕೆ ತಟ್ಟೆ ಹಾಯಿಸುವುದು ಅವಳ ಕೆಲಸ. ಆರಾಧನೆ ಮುಗಿಯುವ ತನಕ ಕೂರುವಂತಿಲ್ಲ. ಈ ಸೇವೆಗೆ ಯಜಮಾನಿ ಲುಜೀನಿಯಾ ಬ್ಯಾಟಲ್. ವರ್ಲೀನಳಿಗಿಂತ ಒಂದೆರಡು ವರ್ಷ ಹಿರಿಯಳು, ಶಾಲೆಯ ಅಡುಗೆಮನೆಯಲ್ಲಿ ಜೊತೆಗೆ ದುಡಿದವಳು.

"ಸಿಸ್ಟರ್, ನಿನಗೊಂದು ಕುರ್ಚಿ ಹಾಕಿಸ್ತೀನಿ ಬಾಗಿಲ ಪಕ್ಕ," ಎಂದಳು ಲುಜೀನಿಯಾ. "ಕೂತ್ಕೊಂಡು ಬೀಸಣಿಗೆ ಹಂಚು. ನಡುಬಾಗಿಲಿಗೆ ಯಾರನ್ನಾದ್ರೂ ಚಿಕ್ಕೋರನ್ನ ನಿಲ್ಲಿಸ್ತೀನಿ."

"ಕೂತ್ಕೊಂಡು ಬಾಗಿಲು ಕಾಯೋದು ನಾಯಿ," ಎಂದಳು ವರ್ಲೀನ್.

"ಬಿದ್ದೋಳು ನಾನಲ್ಲಪ್ಪ."

"ಬಿದ್ದಿದ್ದು ಜೋಡು. ನಾನು ಅದರೊಳಗಿದ್ದೆ ಅಷ್ಟೇ."

ಎರಡನೆಯದು ಮನೆಯದು. ಪೆಟ್‌ವೇ ವಂಶದವರು ಎರಡು ವರ್ಷಕ್ಕೊಮ್ಮೆ ಒಂದೆಡೆ ಸೇರುತ್ತಾರೆ. ಪ್ರತಿ ಸಲ ಉದ್ಯಾನದಲ್ಲಿ ಬೆಂಕಿ ಹಾಕಿ ಹಂದಿಯ ಪಕ್ಕೆಲುಬು ಸುಟ್ಟು ತಿನ್ನುತ್ತಿದ್ದವರು ಈ ಸಲ ಹಡಗು ಹತ್ತೋಣ ಎಂದು ತೀರ್ಮಾನಿಸಿದರು. ಮೊಬೀಲ್ ಬಂದರಿನಿಂದ ಹೊರಟು, ಮೆಕ್ಸಿಕೋದ ಕೋಸುಮೆಲ್ ದ್ವೀಪ ನೋಡಿಕೊಂಡು ಭಾನುವಾರ ಬೆಳಿಗ್ಗೆ ವಾಪಸು. ಎಲ್ಲರಿಗೂ ಒಂದೇ ನೇರಳೆ ಬಣ್ಣದ ಅಂಗಿ. ಏಮಸ್ ಜೀವಮಾನವೆಲ್ಲ ಹಡಗಿಗೆ ಸರಕು ಹೊತ್ತಿದ್ದ ಬಂದರು ಅದು. ಆ ಬಿಳಿ ಹಡಗು ಬಂದು ನಿಲ್ಲುವುದನ್ನು ವರ್ಲೀನ್ ಬಸ್ಸಿನ ಕಿಟಕಿಯಿಂದ ಎಷ್ಟೋ ಸಲ ನೋಡಿದ್ದಳು. ಹತ್ತಿರಲಿಲ್ಲ.

"ಅಮ್ಮ, ನಿನ್ನ ಹೆಸರಿಗೆ ಗಾಲಿಕುರ್ಚಿ ಬರೆಸಿದೀನಿ," ಎಂದಳು ಡೆನೀಟಾ, ಬಟಾಣಿ ಸುಲಿಯುತ್ತಾ. "ಹತ್ತೋವಾಗೊಂದು, ಇಳಿಯೋವಾಗೊಂದು. ಹಡಗಿನೋರೇ ತಳ್ತಾರೆ."

"ಯಾರನ್ನ ಕೇಳಿ ಬರೆಸ್ದೆ?"

"ಕೇಳಿದ್ರೆ ನೀನು ಹೂಂ ಅಂತಿದ್ಯಾ?"

"ಇಲ್ಲ."

"ಅದಕ್ಕೇ ಕೇಳಲಿಲ್ಲ."

ವರ್ಲೀನ್ ಬಟಾಣಿಯ ಬಟ್ಟಲನ್ನು ತನ್ನ ಕಡೆಗೆ ಎಳೆದುಕೊಂಡಳು. ಚರ್ಚಿನ ಅರ್ಧ ಜನ ಆ ಹಡಗಿನಲ್ಲಿರುತ್ತಾರೆ. ಅರ್ಧ ಚರ್ಚೇ ಪೆಟ್‌ವೇ ವಂಶ. ಅವಳು ಗಾಲಿಕುರ್ಚಿಯಲ್ಲಿ ಇಳಿದಳೆಂಬ ಸುದ್ದಿ ಅವಳಿಗಿಂತ ಮೊದಲು ಲುಜೀನಿಯಾಳ ಕಿವಿ ಮುಟ್ಟುತ್ತದೆ. ಆಮೇಲೆ ಬಾಗಿಲ ಪಕ್ಕದ ಕುರ್ಚಿ ಶಾಶ್ವತ. "ಹತ್ತೋವಾಗ್ಲೂ ನಡೀತೀನಿ, ಇಳಿಯೋವಾಗ್ಲೂ ನಡೀತೀನಿ," ಎಂದಳು. "ನನಗೆ ಬೇಕಾಗಿರೋದು ಜೋಡು, ಗಾಲಿ ಅಲ್ಲ. ನಾಳೆ ಅಂಗಡಿಗೆ ಕರ್ಕೊಂಡು ಹೋಗು."

ಮಾರನೆಯ ದಿನ ಅಂಗಡಿಯ ಹೆಂಗಸಿಗೆ ಬೆವರಿಳಿಯಿತು. ಒಂದು ಜೋಡು ಹಿಮ್ಮಡಿಯಲ್ಲಿ ಸಡಿಲ, ಇನ್ನೊಂದು ಬೆರಳಲ್ಲಿ ಬಿಗಿ, ಮತ್ತೊಂದರ ಅಟ್ಟೆ ರೊಟ್ಟಿಯಂತೆ ಮೆತ್ತಗೆ.

"ಮೆತ್ತಗಿದ್ರೆ ಒಳ್ಳೇದಲ್ವಾ ಅಜ್ಜಿ, ಮೋಡದ ಮೇಲೆ ನಡೆದ ಹಾಗಿರತ್ತೆ," ಎಂದಳು ಆ ಹೆಂಗಸು.

"ನನಗಿನ್ನೂ ಮೋಡದ ಮೇಲೆ ನಡೆಯೋ ಹೊತ್ತು ಬಂದಿಲ್ಲಮ್ಮ. ಹಡಗಿನ ಮೇಲೆ ನಡೀಬೇಕು. ನೆಲ ಅಲ್ಲಾಡತ್ತೆ, ಅಟ್ಟೆನೂ ಅಲ್ಲಾಡಿದ್ರೆ ನಾನ್ಯಾರನ್ನ ನಂಬಲಿ?"

ಕೊನೆಗೆ ಎರಡು ಜೋಡು ಮನೆಗೆ ಬಂದವು. ಒಂದು ಕಡುನೀಲಿ, ಬೆಳ್ಳಿಯ ಗುಂಡಿಯದು, ಡೆನೀಟಾಳಿಗೆ ಮೆಚ್ಚುಗೆಯಾದದ್ದು. ಇನ್ನೊಂದು ಬೂದು ಬಣ್ಣದ್ದು, ಬೆರಳ ಕಡೆ ಅಗಲ, ದಪ್ಪ ಅಟ್ಟೆ, ಮೇಲೆ ಪಟ್ಟಿ. ಅಟ್ಟೆಗೆ ಮಣ್ಣಾಗದಿದ್ದರೆ ಒಂದನ್ನು ಹಿಂದಕ್ಕೆ ತೆಗೆದುಕೊಳ್ಳುವುದಾಗಿ ಅಂಗಡಿಯವರು ಒಪ್ಪಿದ್ದರು. ವರ್ಲೀನ್ ಅಡುಗೆಮನೆಗೆ ಪತ್ರಿಕೆ ಹಾಸಿದಳು, ನೀಲಿ ಜೋಡು ಹಾಕಿಕೊಂಡಳು, ಕಬ್ಬಿಣದ ಪಾತ್ರೆ ಒಲೆಗೇರಿಸಿದಳು.

ಅವಳ ಪರೀಕ್ಷೆ ಗಂಬೋ ಸಾರು. ಅದರ ಬುಡಕ್ಕೆ ಎಣ್ಣೆಯಲ್ಲಿ ಹಿಟ್ಟನ್ನು ಸಣ್ಣ ಉರಿಯಲ್ಲಿ ಕದಡುತ್ತಾ ಹುರಿಯಬೇಕು. ಕೈ ಬಿಟ್ಟರೆ ಸೀದುಹೋಗುತ್ತದೆ, ಕೂತರೆ ಕೈ ನಿಲ್ಲುತ್ತದೆ. ಬಿಳಿ ಹಿಟ್ಟು ಮೊದಲು ಮರಳಿನ ಬಣ್ಣಕ್ಕೆ ತಿರುಗಿ, ಆಮೇಲೆ ಕಡಲೆಕಾಯಿ ಬಣ್ಣ, ಕೊನೆಗೆ ಹಳೆಯ ತಾಮ್ರದ ಬಣ್ಣಕ್ಕೆ ಬರುವ ತನಕ ನಿಂತಲ್ಲೇ ನಿಂತಿರಬೇಕು. ಅದಿಷ್ಟನ್ನೂ ತಾಳಿದ ಜೋಡು ಯಾವ ಹಡಗನ್ನಾದರೂ ತಾಳುತ್ತದೆ.

ನೀಲಿ ಜೋಡು ಕಡಲೆಕಾಯಿ ಬಣ್ಣದ ತನಕವೂ ಬರಲಿಲ್ಲ. ಈರುಳ್ಳಿ ಗಂಟು ಮಿಡಿಯತೊಡಗಿತು. "ಡೆನೀಟಾ, ಬಾರೆ ಇಲ್ಲಿ," ಎಂದು ಕೂಗಿದಳು. "ಸೌಟು ಬಿಡೋ ಹಾಗಿಲ್ಲ. ನನ್ನ ಕಾಲಿಂದ ಇದನ್ನ ಕಿತ್ತು ಬೂದುದನ್ನ ಹಾಕು."

ಡೆನೀಟಾ ಒಲೆಯ ಮುಂದೆ ಬಗ್ಗಿ ತಾಯಿಯ ಜೋಡು ಬದಲಾಯಿಸಿದಳು. "ಇಷ್ಟು ಚೆಂದದ್ದನ್ನ ಬಿಟ್ಟು ಈ ಆಸ್ಪತ್ರೆ ಜೋಡು ಹಾಕ್ಕೋತೀಯಲ್ಲ. ಹಡಗಲ್ಲಿ ಫೋಟೋ ತೆಗೀತಾರೆ ಅಮ್ಮ."

"ಮುಖ ಮೇಲಿರತ್ತೆ, ಅಲ್ಲಿ ತೆಗೀಲಿ."

ಹಿಟ್ಟು ತಾಮ್ರಕ್ಕೆ ತಿರುಗಿತು, ಬೆಂಡೆಕಾಯಿ ಬಿತ್ತು, ಏಡಿ ಬಿತ್ತು, ಅನ್ನ ಬೆಂದಿತು. ವರ್ಲೀನ್ ಇನ್ನೂ ನಿಂತೇ ಇದ್ದಳು. ನೀಲಿ ಜೋಡು ಮರುದಿನ ಅಂಗಡಿಗೆ ವಾಪಸಾಯಿತು.

ಪೆಟ್ಟಿಗೆ ತುಂಬುವ ದಿನ ಡೆನೀಟಾ ತನಗೆಂದು ಚಿನ್ನದ ಬಣ್ಣದ್ದು, ಎತ್ತರದ್ದು, ಈಜುಕೊಳಕ್ಕೆ ಇನ್ನೊಂದು ಎಂದು ಅರ್ಧ ಪೆಟ್ಟಿಗೆಗೆ ಜೋಡನ್ನೇ ತುಂಬಿದಳು. ವರ್ಲೀನ್ ಬೂದು ಜೋಡನ್ನು ಕಾಲಿಗೆ ಹಾಕಿಕೊಂಡಳು, ಬಟ್ಟೆಯ ಚಪ್ಪಲಿಯನ್ನು ಪೆಟ್ಟಿಗೆಗೆ ಹಾಕಿದಳು. ಆಮೇಲೆ ಬೀರುವಿನಿಂದ ದಾರ ಎಳೆದು ಕಟ್ಟಿದ ಒಂದು ಬಿಳಿ ಚೀಲ ತೆಗೆದಳು.

"ಸೇವೆ ಜೋಡು ಯಾಕಮ್ಮ ಹಡಗಿಗೆ?"

"ಭಾನುವಾರ ಬೆಳಿಗ್ಗೆ ಇಳೀತೀವಿ. ಹಾಗೇ ಚರ್ಚಿಗೆ. ಉಡುಪು, ಕೈಗವಸು ಎಲ್ಲ ಇದರಲ್ಲೇ ಇದೆ."

ಬಾಗಿಲ ಸೇವೆಯವರ ಪದ್ಧತಿ ಅದು. ಬಿಳಿ ಜೋಡು ಬೀದಿಯ ನೆಲ ಮುಟ್ಟುವುದಿಲ್ಲ. ಚೀಲದಲ್ಲಿ ಹೋಗುತ್ತದೆ, ಚರ್ಚಿನ ಹಿಂದಿನ ಕೋಣೆಯಲ್ಲಿ ಕಾಲಿಗೇರುತ್ತದೆ, ಅಲ್ಲೇ ಇಳಿಯುತ್ತದೆ. ಆ ಚೀಲವನ್ನು ಬೇರೆಯವರ ಕೈಗೆ ಕೊಡುವುದೂ ಇಲ್ಲ.

ಬಂದರಿನಲ್ಲಿ ಹಡಗಿನ ಆಳು ಗಾಲಿಕುರ್ಚಿ ಹಿಡಿದು "ಪೆಟ್‌ವೇ, ಪೆಟ್‌ವೇ" ಎಂದು ಕೂಗುತ್ತಿದ್ದ. ನೇರಳೆ ಅಂಗಿಯವರೆಲ್ಲರೂ ಪೆಟ್‌ವೇಗಳೇ ಆದ್ದರಿಂದ ಎಲ್ಲರೂ ತಿರುಗಿ ನೋಡಿದರು. ವರ್ಲೀನ್ ಮುಂದೆ ಹೋಗಿ ತನ್ನ ಕೋಟನ್ನು ಆ ಕುರ್ಚಿಯ ಮೇಲಿಟ್ಟಳು. "ಇದನ್ನ ಹುಷಾರಾಗಿ ತಳ್ಕೊಂಡು ಬಾಪ್ಪ, ಇದಕ್ಕೆ ವಯಸ್ಸಾಗಿದೆ," ಎಂದು ಹೇಳಿ, ಬಿಳಿ ಚೀಲ ಹಿಡಿದು ಏರುಹಲಗೆಯ ಮೇಲೆ ನಡೆದೇ ಹೋದಳು. ಅವಳ ಭಾವನ ಮಗ ರೋಜೆಲ್ ನಕ್ಕೂ ನಕ್ಕೂ ಕೆಮ್ಮಿದ.

ವಾರವೆಲ್ಲ ಬೂದು ಜೋಡು ಮಾತು ಉಳಿಸಿಕೊಂಡಿತು. ಹಡಗಿನ ಮೇಲಿನ ಅಂಗಳದ ಸುತ್ತು ಹಾಕಿತು. ಸಾಲು ಕುಣಿತದಲ್ಲಿ ಬಲಕ್ಕೆ ಜಾರಿತು, ಎಡಕ್ಕೆ ಜಾರಿತು. ಕೋಸುಮೆಲ್‌ನ ಉದ್ದನೆಯ ಕಟ್ಟೆಯ ಮೇಲೆ ಬಿಸಿಲಿನಲ್ಲಿ ಹೋಗಿ ಬಂದಿತು. ವಾಪಸು ಬರುವಾಗ ಡೆನೀಟಾ ಚಿನ್ನದ ಜೋಡನ್ನು ಬಿಚ್ಚಿ ಕೈಯಲ್ಲಿ ಹಿಡಿದಿದ್ದಳು. ವರ್ಲೀನ್ ಅದನ್ನು ನೋಡಿದಳು. ಮಗಳ ತೋಳು ಹಿಡಿದು ನಡೆದಳು; ನೋಡಿದವರಿಗೆ ಯಾರು ಯಾರನ್ನು ಹಿಡಿದಿದ್ದಾರೆಂದು ತಿಳಿಯುವಂತಿರಲಿಲ್ಲ.

ಇಳಿಯುವ ಹಿಂದಿನ ಸಂಜೆ ಪೆಟ್ಟಿಗೆಗಳನ್ನು ಕೋಣೆಯ ಹೊರಗಿಡಬೇಕು. ಆಳುಗಳು ಒಯ್ದು ಬೆಳಿಗ್ಗೆ ದಡದಲ್ಲಿ ಕೊಡುತ್ತಾರೆ. ಊಟ ಮುಗಿಸಿ ಬಂದ ವರ್ಲೀನ್ ಜೋಡು ಬಿಚ್ಚಿ, ಚಪ್ಪಲಿ ಮೆಟ್ಟಿ ಸ್ನಾನಕ್ಕೆ ಹೋದಳು. ತಾಯಿ ಬಗ್ಗಬಾರದೆಂದು ಡೆನೀಟಾ ಕಣ್ಣಿಗೆ ಕಂಡದ್ದನ್ನೆಲ್ಲ ಬಾಚಿ ತುಂಬಿ, ಪೆಟ್ಟಿಗೆ ಹೊರಗಿಟ್ಟು ಮಲಗಿದಳು. ಬೆಳಿಗ್ಗೆ ವರ್ಲೀನ್ ಮಂಚದ ಕೆಳಗೆ ಕಾಲಾಡಿಸಿದಳು. ಬಟ್ಟೆಯ ಚಪ್ಪಲಿ ಮಾತ್ರ ಸಿಕ್ಕಿತು.

"ನನ್ನ ಜೋಡೆಲ್ಲಿ?"

ಡೆನೀಟಾ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. "ಅಯ್ಯೋ ಅಮ್ಮ. ಪೆಟ್ಟಿಗೇಲಿ ಹೋಯ್ತು."

ಚಪ್ಪಲಿಯ ಅಡಿ ಬರೀ ಬಟ್ಟೆ. ಇಳಿಯುವ ಹಲಗೆಗೆ ಬೆಳಗಿನ ಇಬ್ಬನಿ ಬಿದ್ದಿರುತ್ತದೆ. ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ಅದೇ ಆಳು, ಅದೇ ಗಾಲಿಕುರ್ಚಿ. "ಪೆಟ್‌ವೇ?"

"ಇದೊಂದು ಸಲ ಕೂತ್ಕೊ ಅಮ್ಮ," ಎಂದಳು ಡೆನೀಟಾ, ಮೆಲ್ಲಗೆ. "ತಪ್ಪು ನಂದೇ. ನಾನೇ ಎಲ್ಲರಿಗೂ ಹೇಳ್ತೀನಿ."

ವರ್ಲೀನ್ ಮಂಚದ ತುದಿಯಲ್ಲಿ ಕೂತಳು. ಬಿಳಿ ಚೀಲ ದಿಂಬಿನ ಪಕ್ಕದಲ್ಲೇ ಇತ್ತು. ಅದನ್ನು ತೊಡೆಯ ಮೇಲಿಟ್ಟುಕೊಂಡಳು. ಇಷ್ಟು ವರ್ಷದಲ್ಲಿ ಆ ಜೋಡು ಚರ್ಚಿನ ನೆಲಹಾಸನ್ನು ಬಿಟ್ಟು ಬೇರೇನನ್ನೂ ಮೆಟ್ಟಿರಲಿಲ್ಲ. ಏಮಸ್‌ನ ಶವಪೆಟ್ಟಿಗೆಯ ಹಿಂದೆ ಬೀದಿಯಲ್ಲಿ ನಡೆದಾಗಲೂ ಅವಳು ಕರಿ ಜೋಡನ್ನೇ ಹಾಕಿದ್ದಳು.

"ಇವತ್ತು ಯಾವ ವಾರ?" ಎಂದು ಕೇಳಿದಳು.

"ಭಾನುವಾರ."

"ನಾನೆಲ್ಲಿಗೆ ಹೋಗ್ತಾ ಇದೀನಿ?"

"ಚರ್ಚಿಗೆ."

"ಹಾಗಾದ್ರೆ ಸೇವೆ ಈ ಬಾಗಿಲಿಂದಾನೇ ಶುರುವಾಯ್ತು," ಎಂದು ವರ್ಲೀನ್ ದಾರ ಬಿಚ್ಚಿದಳು.

ಬಿಳಿ ಜೋಡನ್ನೊಂದೇ ಹಾಕುವ ಪದ್ಧತಿಯಿಲ್ಲ. ಉಡುಪೂ ಬಂತು, ಕೈಗವಸೂ ಬಂತು. ಇಳಿಯುವ ಸಾಲಿನಲ್ಲಿ ನೂಕುನುಗ್ಗಲು. ಯಾವ ಕಡೆ ಹೋಗಬೇಕೆಂದು ಯಾರಿಗೂ ತಿಳಿಯದು. ವರ್ಲೀನ್ ಎಡಗೈಯನ್ನು ಬೆನ್ನಿಗೆ ಮಡಿಸಿ, ಬಲಗೈ ಚಾಚಿ ಮೆಲ್ಲಗೆ ಮುಂದೆ ನಡೆದಳು. ಬಿಳಿ ಕೈಗವಸು ಕಂಡದ್ದೇ ಜನ ಪಕ್ಕಕ್ಕೆ ಸರಿದು ಅವಳ ಹಿಂದೆ ಸಾಲುಗಟ್ಟಿದರು. ಒದ್ದೆ ಹಲಗೆಯ ಮೇಲೆ ಅವಳ ಹೆಜ್ಜೆ ತಪ್ಪಲಿಲ್ಲ. ಆ ಅಟ್ಟೆಗೆ ಅವಳ ಪಾದ ಹಳೆಯ ಪರಿಚಯ. ಹಿಂದಿನಿಂದ ಆಳು ಖಾಲಿ ಗಾಲಿಕುರ್ಚಿ ತಳ್ಳಿಕೊಂಡು ಬಂದ. "ಚಿಕ್ಕಮ್ಮ, ಕಾಣಿಕೆ ತಟ್ಟೆ ಯಾವಾಗ ಬರತ್ತೆ?" ಎಂದು ರೋಜೆಲ್ ಸಾಲಿನ ಕೊನೆಯಿಂದ ಕೂಗಿದ.

ಚರ್ಚಿನ ಬಾಗಿಲಲ್ಲಿ ಲುಜೀನಿಯಾ ನಿಂತಿದ್ದಳು. ಪಕ್ಕದಲ್ಲಿ ಮಡಿಸುವ ಕುರ್ಚಿಯೊಂದನ್ನು ಬಿಡಿಸಿಟ್ಟು, ಮೇಲೆ ಮೆತ್ತೆಯನ್ನೂ ಹಾಕಿದ್ದಳು. ವರ್ಲೀನ್ ಮೆಟ್ಟಿಲು ಹತ್ತಿ ಬಂದುದನ್ನು ನೋಡಿದಳು. ಆಮೇಲೆ ಅವಳ ಕಾಲನ್ನು ನೋಡಿದಳು.

"ಸಿಸ್ಟರ್, ಸೇವೆ ಜೋಡಿಗೆ ಬಂದರಿನ ಕೆಸರು."

"ಹೌದು. ಹಡಗಿಂದ ನಡ್ಕೊಂಡು ಇಳಿದೆ."

"ಡೆನೀಟಾ ಗಾಲಿಕುರ್ಚಿ ಬರೆಸಿದ್ಲಂತಲ್ಲ."

"ಬರೆಸಿದ್ಲು. ಖಾಲಿ ಬಂತು."

ಲುಜೀನಿಯಾ ಮೆಟ್ಟಿಲ ಕೆಳಗಿದ್ದ ಡೆನೀಟಾಳ ಕಡೆ ತಿರುಗಿದಳು. ಡೆನೀಟಾ ಹೌದೆಂದು ತಲೆಯಾಡಿಸಿದಳು. ಲುಜೀನಿಯಾ ತನ್ನ ಉಡುಪಿನ ತೋಳಿನೊಳಗೆ ಸಿಕ್ಕಿಸಿದ್ದ ಕರವಸ್ತ್ರ ತೆಗೆದು ವರ್ಲೀನಳ ಕೈಗೆ ಕೊಟ್ಟಳು. "ಒರೆಸ್ಕೊ. ಪಾದ್ರಿ ಬರೋ ಹೊತ್ತಾಯ್ತು."

ವರ್ಲೀನ್ ಒಂದು ಕೈಯಲ್ಲಿ ಬಾಗಿಲ ಚೌಕಟ್ಟು ಹಿಡಿದು, ಒಂದೊಂದೇ ಕಾಲೆತ್ತಿ ಜೋಡು ಒರೆಸಿಕೊಂಡಳು. ಅವಳು ತಲೆಯೆತ್ತುವ ಹೊತ್ತಿಗೆ ಲುಜೀನಿಯಾ ಕುರ್ಚಿಯನ್ನು ಮಡಿಸಿ, ಮೆತ್ತೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಎರಡನ್ನೂ ಹಿಂದಿನ ಕೋಣೆಗೆ ಒಯ್ಯುತ್ತಿದ್ದಳು.