ನನ್ನ ಹೆಸರಿನ ಆರ್ಕಿಡ್

ನಾಸಿಕಿನ ಹೂವಿನ ಪ್ರದರ್ಶನದಲ್ಲಿ ಕಂದುಬಣ್ಣದ ಆರ್ಕಿಡ್ ಕಂಡು ಇಂದು ನನ್ನ ಕಿವಿ ಬಿಸಿಯಾಯಿತು.

ಓಝರ್‌ನ ವಿಮಾನ ಕಾರ್ಖಾನೆಯಲ್ಲಿದ್ದ ಅಪ್ಪ ಎರಡು ಬಣ್ಣದ ಆರ್ಕಿಡ್‌ಗಳ ಪರಾಗ ಕೂಡಿಸಿ, ಬೀಜ ಬಿತ್ತುವ ಬಾಟಲಿಗಳನ್ನು ಬೂಷ್ಟು ಹಿಡಿಯದಂತೆ ಅವ್ವನ ಕುಕ್ಕರಿನಲ್ಲೇ ಕುದಿಸುತ್ತಿದ್ದರು. ಹೂ ಬಿಡುವ ಮೊದಲೇ ಆ ಹೊಸ ತಳಿಗೆ ನನ್ನ ಹೆಸರಿಟ್ಟರು. ವರ್ಷಗಳ ನಂತರ ಅದು ಅರಳಿದಾಗ ಕಾಲೊನಿಯವರನ್ನೆಲ್ಲ ಚಹಾಕ್ಕೆ ಕರೆದರು. ಹೂವಿಗೆ ಮಾಸಿದ ಕಂದುಬಣ್ಣ.

"ಅಯ್ಯ, ಬಣ್ಣಾನೂ ಥೇಟ್ ಮಗಳದ್ದ ತಂದೀರಲ್ರಿ!" ಎಂದರು ಪಕ್ಕದ ಮನೆಯ ಕಾಕು. ಎಲ್ಲರೂ ನಕ್ಕರು. ನಾನು ಅಡುಗೆಮನೆ ಸೇರಿದೆ.

"ಅಪ್ಪಾ, ಅದರ ಹೆಸರು ತಗದುಬಿಡ್ರಿ," ಎಂದೆ ಅಳುತ್ತ.

"ನೀ ಹುಟ್ಟೂ ಮೊದಲ ನಿನಗ ಹೆಸರಿಟ್ಟಿದ್ದೆ. ಹುಟ್ಟಿದ ಮ್ಯಾಲೆ ಬದಲಿಸಿದೆನೇನವ್ವಾ?"

ಆದರೂ ಮತ್ತೆಂದೂ ಆ ಕುಂಡದ ಹತ್ತಿರ ನಾನು ಹೋಗಲಿಲ್ಲ.

"ಎಷ್ಟ ಛಂದ ಅದ ನೋಡಮ್ಮಾ!" ಎಂದಳು ಇಂದು ಪ್ರದರ್ಶನದಲ್ಲಿ ನನ್ನ ಮಗಳು, ಆ ಕಂದು ಹೂವನ್ನು ತೋರಿಸುತ್ತ. ಈ ಮಾತನ್ನು ಅಪ್ಪನಿಗೆ ನಾನು ಒಮ್ಮೆಯೂ ಹೇಳಿರಲಿಲ್ಲ.