ಹುಡುಗಿಯರು ನೋಡುತ್ತಿದ್ದ ಕಡೆ

ಇಂಗ್ಲೆಂಡಿನ ಬರ್ನ್‌ಲಿ ಊರಿನ ನೇಯ್ಗೆ ಗಿರಣಿಯಲ್ಲಿ ದುಡಿಯುವವಳ ಮಗಳು ಏಡಾ ಗ್ರಿಮ್‌ಶಾ ಲಂಡನ್ನಿನ ಬ್ಯಾಲೆ ಕಂಪನಿ ಸೇರಿದ ದಿನವೇ ಅದೆಲಿನಾ ಗ್ರಿಮ್ಷೋವಾ ಆದಳು. ರಷ್ಯದ ಹೆಸರಿಲ್ಲದ ನರ್ತಕಿಯ ಕಾಲನ್ನು ಆಗ ಯಾರೂ ನಂಬುತ್ತಿರಲಿಲ್ಲ. ಗ್ರಿಮ್ಷೋವಾ ಹಿಂದಿನ ಸಾಲಿನ ಕೊನೆಯ ಅಪ್ಸರೆಯಾಗಿಯೇ ಉಳಿದಳು. ಯಾರಾದರೂ ಆ ದಿನಗಳ ಬಗ್ಗೆ ಕೇಳಿದರೆ, "ಹಿಂದಿನ ಪರದೆ ನನಗೆ ತುಂಬಾ ಹತ್ತಿರದ ನೆಂಟ" ಎನ್ನುತ್ತಿದ್ದಳು.

ಮಂಡಿ ಕೈಕೊಟ್ಟ ಮೇಲೆ ಸಂಗೀತನಾಟಕಗಳ ಹುಡುಗಿಯರಿಗೆ ಕುಣಿತ ಕಟ್ಟಿಕೊಡುವ ಕೆಲಸ ಸಿಕ್ಕಿತು. ಅಲ್ಲಿ ರಷ್ಯದ ಹೆಸರು ಬೇಕಿರಲಿಲ್ಲ, ಗಂಟಲು ಬೇಕಿತ್ತು. ರಂಗದ ಪಕ್ಕದ ಕತ್ತಲಲ್ಲಿ ನಿಂತು ಏಡಾ ತಾಳ ಕೂಗುತ್ತಿದ್ದಳು. ಹುಡುಗಿಯರು ಅವಳ ದನಿ ಹಿಡಿದು ಕುಣಿಯುತ್ತಿದ್ದರು. ಚಪ್ಪಾಳೆ ಬೀಳುವ ಹೊತ್ತಿಗೆ ಅವಳು ಒಬ್ಬಳೇ ಕೋಟು ಹುಡುಕುತ್ತಿರುತ್ತಿದ್ದಳು.

ಮಾತಾಡುವ ಸಿನಿಮಾ ಬಂದಾಗ ಅವಳಿಗೂ ಕರೆ ಬಂತು. ಚಿತ್ರ ಶುರುವಾಗುವಾಗ ಪರದೆಯ ಮೇಲೆ ಹೆಸರು ಹಾಕುತ್ತೇವೆ ಎಂದರು. ಮಗ್ಗಗಳ ಸದ್ದಿಗೆ ಕಿವಿ ಕಳೆದುಕೊಂಡ ಅಮ್ಮ ಮಗಳ ಕೆಲಸವನ್ನು ಒಮ್ಮೆಯೂ ಕಂಡಿರಲಿಲ್ಲ. ಬರ್ನ್‌ಲಿಯ ಟಾಕೀಸಿನಲ್ಲಿ ತನ್ನ ನಿಜವಾದ ಹೆಸರನ್ನು ಅಮ್ಮ ಓದಬೇಕು: ಏಡಾಳಿಗೆ ಅಷ್ಟೇ ಬೇಕಿತ್ತು.

ಚಿತ್ರೀಕರಣದ ಮೊದಲ ದಿನವೇ ಧ್ವನಿ ಮುದ್ರಿಸುವ ಪೆಟ್ಟಿಗೆಯಂಥ ಕೋಣೆಯೊಳಗಿಂದ ಧ್ವನಿಮುದ್ರಕ ಪೋಕಾಕ್ ತಲೆ ಹೊರಹಾಕಿದ.

"ಯಾರ್ರೀ ಅದು, ಸಂತೇಲಿ ಮೀನು ಮಾರೋರ ಹಾಗೆ ಕೂಗೋರು?"

"ನಾನೇ. ತಾಳ ಹೇಳ್ತಿದೀನಿ."

"ನಾಯಕಿ ಹಾಡಿನ ಮೇಲೆ ನಿಮ್ಮ 'ಒಂದು ಎರಡು' ಬಂದು ಕೂತಿದೆ. ಬಾಯ್ಮುಚ್ಚಿ ತಾಯಿ!"

ಬಾಯಿ ಮುಚ್ಚಿದ್ದೇ ತಡ, ಸಾಲು ಚೆಲ್ಲಾಪಿಲ್ಲಿಯಾಯಿತು. ವಾದ್ಯದವರನ್ನು ದೂರದ ಅಡ್ಡಗೋಡೆಯಾಚೆ ಕೂರಿಸಿದ್ದರಿಂದ ಸಂಗೀತ ಸೋರಿಬಂದಂತೆ ಕೇಳುತ್ತಿತ್ತು. ನಿರ್ದೇಶಕ ಟ್ರೆಡ್‌ಗೋಲ್ಡ್ ಗಡಿಯಾರ ನೋಡಿದ. "ಊಟದೊಳಗೆ ಸರಿಹೋಗ್ಲಿಲ್ಲ ಅಂದ್ರೆ ಈ ಕುಣಿತವನ್ನೇ ಕಿತ್ತುಹಾಕ್ತೀನಿ, ಮಿಸ್ ಗ್ರಿಮ್‌ಶಾ."

ಕುಣಿತ ಹೋದರೆ ಹೆಸರೂ ಹೋಯಿತು. ಏಡಾ ಕ್ಯಾಮರಾದ ಪಕ್ಕ ಹೋಗಿ ನಿಂತಳು. ಬರ್ನ್‌ಲಿಯ ಮಗ್ಗಗಳ ನಡುವೆ ಹೆಂಗಸರು ಸದ್ದಿಲ್ಲದೆ ತುಟಿಯಲ್ಲೇ ಮಾತಾಡುತ್ತಿದ್ದರು. ಬಾಯನ್ನು ಬಾವಿಯಷ್ಟು ತೆರೆದು, ಹುಬ್ಬು ಹಣೆಗೇರಿಸಿ, ಮಗ್ಗದ ಸಾಲಿನಾಚೆಯಿಂದಲೂ ಓದುವಂತೆ. ಬ್ಯಾಲೆಯ ಗುರುಗಳು ವರ್ಷಗಟ್ಟಲೆ ಬೈದು ಬಿಡಿಸಿದ್ದ ಆ ಮುಖವನ್ನು ಏಡಾ ಈಗ ಮತ್ತೆ ಹಾಕಿಕೊಂಡಳು. ಬೂಟು ಕಳಚಿ, ಬರಿಯ ಕಾಲುಚೀಲದಲ್ಲಿ, ಇಡೀ ಕುಣಿತವನ್ನು ಸದ್ದಿಲ್ಲದೆ ತಾನೂ ಕುಣಿಯುತ್ತ ತಾಳ ಹೇಳಿದಳು.

ಸಾಲಿನ ಮುಂದಿದ್ದ ಫ್ಲಾಸಿಗೆ ನಗು ಬಂತು. ಆ ನಗು ಸಾಲಿನುದ್ದಕ್ಕೂ ಹರಿಯಿತು. ಆದರೆ ಕಾಲುಗಳು ಒಂದೂ ತಪ್ಪಲಿಲ್ಲ.

"ಮಿಸ್, ನಿಮ್ಮ ಮುಖ ನೋಡಿದ್ರೆ ಕುದುರೇನೂ ನಗುತ್ತೆ ಕಣ್ರೀ," ಎಂದಳು ಫ್ಲಾಸಿ, ಕ್ಯಾಮರಾ ನಿಂತ ಮೇಲೆ.

"ಕುದುರೆಗಳಿಗೆ ಕಲಿಸಿ ಅಭ್ಯಾಸ ಇದೆ," ಎಂದು ಏಡಾ ಬೂಟು ಹುಡುಕಿದಳು.

ಟ್ರೆಡ್‌ಗೋಲ್ಡ್ ಕುಣಿದಾಡಿದ. "ಆ ಕಣ್ಣು, ಆ ನಗು! ಪ್ರೀತಿ ಸುರೀತಿದೆ! ಅವರು ನೋಡೋ ಕಡೆ ನಾಯಕ ಬಂದು ನಿಂತಿರೋ ಹಾಗೆ ಒಂದು ತುಂಡು ಸೇರಿಸೋಣ."

ಚಿತ್ರ ಬರ್ನ್‌ಲಿಗೆ ಬಂದಾಗ ಏಡಾ ರೈಲು ಹತ್ತಿ ಹೋಗಿ ಅಮ್ಮನನ್ನು ಮಧ್ಯಾಹ್ನದ ಆಟಕ್ಕೆ ಕರೆದೊಯ್ದಳು. ಹೆಸರುಗಳು ಬಂದವು: ಹಾಡು ಬರೆದವನು, ಟೋಪಿ ಹೊಲಿದ ಅಂಗಡಿ, ಪೋಕಾಕ್ ಕೂಡ. ಅಮ್ಮ ಕನ್ನಡಕ ಏರಿಸಿ ಕೊನೆಯ ಸಾಲಿನವರೆಗೂ ಹುಡುಕಿ ಮಗಳ ಕಡೆ ತಿರುಗಿದಳು. ಏಡಾ ಪೆಪ್ಪರ್‌ಮಿಂಟಿನ ಪೊಟ್ಟಣ ಮುಂದೆ ಚಾಚಿದಳು.

ಕುಣಿತ ಬಂತು. ಹುಡುಗಿಯರೆಲ್ಲ ಒಂದೇ ಕಡೆ ನೋಡಿ ನಗುತ್ತಿದ್ದರು. ತಟ್ಟನೆ ಪರದೆಯ ಮೇಲೆ ನಾಯಕ, ಕೋಟಿನಲ್ಲಿ ಹೂ ಸಿಕ್ಕಿಸಿಕೊಂಡು.

"ಅವ್ನನ್ನ ಹೆಂಗ್ ನೋಡ್ತಾವೆ ನೋಡೇ ಆ ಹುಡುಗೀರು!" ಎಂದಳು ಅಮ್ಮ. ಕಿವುಡಿಯ ಗಂಟಲು; ಟಾಕೀಸಿಗೆ ಟಾಕೀಸೇ ನಕ್ಕಿತು. ಮುಂದಿನ ಸಾಲಿನವಳೊಬ್ಬಳು ತಿರುಗಿ 'ಶ್' ಎಂದಳು.

ಏಡಾ ಅಮ್ಮನ ತೋಳು ಮುಟ್ಟಿ, ಬಾಯಿ ಅಗಲಿಸಿ, ಹುಬ್ಬೇರಿಸಿ, ಸದ್ದಿಲ್ಲದೆ ಹೇಳಿದಳು: "ನನ್ನನ್ನ ಕಣಮ್ಮಾ. ಅವರು ನೋಡ್ತಿರೋದು ನನ್ನನ್ನ."

ಅಮ್ಮ ಕಣ್ಣು ಕಿರಿದು ಮಾಡಿ ಆ ತುಟಿಗಳನ್ನು ಓದಲು ನೋಡಿದಳು. ಕತ್ತಲಿತ್ತು. "ಏನೂ ಕಾಣಲ್ಲ, ಆಮೇಲೆ ಹೇಳು," ಎಂದು ಮಗಳ ಕೈ ತಟ್ಟಿ, ನಾಯಕನ ಕಡೆಗೆ ತಿರುಗಿದಳು.